ಸುಲ್ತಾನ್ ಬೀ ಕರೆದ ಮನೆಗಳು

ಹುಣಸೆಕಟ್ಟೆ ಬೀದಿ, ಮಂಡ್ಯ
೯-೩-೧೯೪೨

ಪ್ರೀತಿಯ ಮೆಹರೂ,

ನಿನ್ನ ಕಾರ್ಡುಗಳೆಲ್ಲ ತಲುಪಿದವು. ಒಂದಕ್ಕೂ ಉತ್ತರ ಬರೆಯದೆ ಕೂತವಳ ಮೇಲೆ ನಿನಗೆಷ್ಟು ಸಿಟ್ಟು ಬಂದಿರಬೇಕೆಂದು ಬಲ್ಲೆ. ಪೆನ್ನು ಹಿಡಿದಾಗಲೆಲ್ಲ ‘ಇಲ್ಲಿ ನಾವೆಲ್ಲ ಕ್ಷೇಮ’ ಎಂಬ ಸಾಲಿನ ಹತ್ತಿರವೇ ಕೈ ನಿಂತುಬಿಡುತ್ತಿತ್ತು. ಸುಳ್ಳು ಬರೆಯಲಾಗದು, ನಿಜ ಬರೆಯಲು ಧೈರ್ಯ ಸಾಲದು. ನಿನ್ನ ಅಮ್ಮಿ ಇದ್ದಾರೆ, ನಮ್ಮ ಮನೆಯಲ್ಲೇ ಇದ್ದಾರೆ, ಎರಡು ಹೊತ್ತು ಉಣ್ಣುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವಾಗ ನಿನ್ನ ಎದೆ ಹೊಡೆದುಕೊಳ್ಳಬಾರದು.

ಚನ್ನಪಟ್ಟಣದ ನೀರು ಮಕ್ಕಳಿಗೆ ಒಗ್ಗಿತೇ? ನಿನ್ನ ಯಜಮಾನರ, ನಮ್ಮ ಪೀರ್ ಪಾಷಾ ಅಣ್ಣನ ಟ್ರಂಕಿನ ಅಂಗಡಿ ಹೇಗಿದೆ? ಇಲ್ಲಿ ಸೀಮೆಎಣ್ಣೆಗೆ ಹಾಹಾಕಾರ. ಸಿಂಗಪುರ ಬಿದ್ದ ಸುದ್ದಿ ಬಂದ ಮೇಲೆ ಗಂಡಸರು ಸ್ಟೇಷನ್ನಿನ ಹತ್ತಿರ ಗುಂಪು ಕಟ್ಟಿಕೊಂಡು ಪಿಸುಗುಡುತ್ತಾರೆ. ನಮ್ಮ ಯಜಮಾನರಂತೂ ಸಕ್ಕರೆ ಕಾರ್ಖಾನೆಯಿಂದ ಬಂದವರೇ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಜಗತ್ತೇ ಹೊತ್ತಿ ಉರಿಯುತ್ತಿರುವಾಗ ನಮ್ಮದೊಂದು ಬೀದಿಯ ಸಂಕಟ ಯಾರಿಗೆ ಬೇಕು ಅನ್ನಿಸುತ್ತದೆ. ಆದರೆ ನನಗೆ ಗೊತ್ತಿರುವ ಜಗತ್ತು ಇದೊಂದೇ ತಾನೆ.

ಮಂಡ್ಯ ಜಿಲ್ಲೆಯಾದ ಮೇಲೆ ಊರಿಗೆ ಪೇಟೆ ಸಾಲದು, ಸ್ಟೇಷನ್ನಿನ ಹಿಂದಿನ ಬೀದಿಗಳು ಇನ್ನು ವ್ಯಾಪಾರಕ್ಕೆ ಎಂದು ಓವರ್ಸಿಯರು ಸುಣ್ಣದ ಗೆರೆ ಎಳೆದು ಹೋದದ್ದನ್ನು ನೀನೇ ನೋಡಿದ್ದೆ. ಮೊದಲು ನಿಮ್ಮ ಮನೆ ಹೋಯಿತು. ನೀವು ಹೋದ ಮೇಲೆ ಮಂಗಳಮ್ಮನವರೂ ಮಾರಿ, ಯಲಿಯೂರಿನ ಅಣ್ಣನ ಮನೆ ಸೇರಿದರು. ಎಲ್ಲವನ್ನೂ ಕೊಂಡವನು ಒಬ್ಬನೇ, ದುದ್ದದ ಕಡೆಯ ಚೌಡಯ್ಯ. ಆರು ಮನೆ ಕೆಡವಿ ಬಯಲು ಮಾಡಿ ಬೆಲ್ಲದ ಮಂಡಿ ಇಟ್ಟ. ಹಿಂದುಗಡೆ ಅಕ್ಕಿ ಗಿರಣಿ ಎಬ್ಬಿಸಿದ. ಬೀದಿಯಲ್ಲಿ ಒಲೆ ಉರಿಯುವ ಮನೆ ಎಂದು ಉಳಿದದ್ದು ಎರಡೇ. ಈ ತುದಿಗೆ ನಮ್ಮದು, ಗಿರಣಿಗೆ ಬೆನ್ನು ಕೊಟ್ಟುಕೊಂಡು ನಿನ್ನ ಅಮ್ಮಿಯದು.

ಸಂಕ್ರಾಂತಿ ಕಳೆದು ಬತ್ತ ಬರತೊಡಗಿದ್ದೇ ಗಿರಣಿಗೆ ಪುರುಸೊತ್ತಿಲ್ಲದಂತಾಯಿತು. ಆ ಸದ್ದು ಕಿವಿಗೆ ಬರುವುದಿಲ್ಲ ಮೆಹರೂ, ನೆಲದಿಂದ ಅಂಗಾಲಿಗೆ ಬರುತ್ತದೆ. ಗೂಡಿನ ಕಂಚಿನ ತಟ್ಟೆಗಳು ತಮ್ಮಷ್ಟಕ್ಕೆ ಗುಂಯ್‌ಗುಡುತ್ತವೆ. ಒಣಹಾಕಿದ ಸೀರೆಯ ಮೇಲೆ, ಮೊಸರಿನ ಮೇಲೆ, ರೆಪ್ಪೆಯ ಮೇಲೆ ಹೊಟ್ಟಿನ ಧೂಳು. ನಾನು ದಿನಾ ಮಧ್ಯಾಹ್ನ ಹೋಗಿ ಅಮ್ಮಿಯ ಹಾಸಿಗೆ ಕೊಡವಿ ಬರುತ್ತಿದ್ದೆ.

“ಅಮ್ಮಿ, ನಮ್ಮಟ್ಟಿಗೆ ಬಂದ್ಬುಡಿ. ಇಲ್ಲಾಂದ್ರೆ ಮೆಹರೂಗೆ ಕಾಗದ ಬರೀತೀನಿ, ಬಂದು ಕರ್ಕೊಂಡ್ ಓಯ್ತಾಳೆ” ಎಂದರೆ, “ಅರೆ ದೇವೀ, ಈ ಗೋಡೆ ಮಣ್ಣ ತುಳಿದೋರು ನಮ್ಮೋರು. ಅವರು ತುಳೀತಾ ಇದ್ರು, ನಾನು ನೀರು ಉಯ್ತಾ ಇದ್ದೆ. ಬುಟ್ಟು ಎಲ್ಲಿಗೆ ಬರ್ಲಿ?” ಎನ್ನುತ್ತಿದ್ದರು. ನಿನಗೂ ಇದೇ ಮಾತು ಹೇಳಿದ್ದರಲ್ಲವೇ? ನೀನು ಕಾಲು ಹಿಡಿದು ಕರೆದದ್ದಕ್ಕೆ ನಾನೇ ಸಾಕ್ಷಿ.

ನೀವು ಹೋದ ಮೇಲೆ ಬಹಳ ದಿನ ಅವರು ಹೊಸಿಲು ದಾಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ತಲೆಯ ಮೇಲೆ ಸೆರಗೆಳೆದುಕೊಂಡು, ಹಿತ್ತಾಳೆ ಚೊಂಬು ಹಿಡಿದು ಹೊರಟರು. ಮಂಡಿಯ ಅಂಗಳದ ನಡುವೆ, ಬೆಲ್ಲದ ಪಿಂಡಿ ಇಳಿಸುತ್ತಿದ್ದ ಹಮಾಲರ ಮಧ್ಯೆ ನಿಂತು ಕೂಗಿದರು: “ಮಂಗಳಮ್ಮಾ, ಮಜ್ಜಿಗೆ ಐತೇನಮ್ಮಾ?”

ಹಮಾಲರು ನಕ್ಕರು. ಆದರೆ ಬಹಳ ಹೊತ್ತು ನಗಲಿಲ್ಲ. ಯಾಕೆಂದರೆ ಅವರು ಕರೆದು ಸುಮ್ಮನೆ ಮರಳಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ ಬರಲು ಒಬ್ಬ ಹೆಂಗಸಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದರು. ಆಮೇಲೆ ಎದುರಿಗೆ ಯಾರೋ ಬಂದು ನಿಂತಂತೆ ಮುಖ ಅರಳಿಸಿ ಮಾತಾಡಿದರು. “ಸೊಂಟ ನೋವು ವಾಸಿಯಾಯ್ತಾ?” ಎಂದರು. ಉತ್ತರ ಕೇಳಿಸಿಕೊಂಡವರಂತೆ ತಲೆಯಾಡಿಸಿದರು. ಖಾಲಿ ಚೊಂಬನ್ನು ತುಳುಕದಂತೆ ಹಿಡಿದುಕೊಂಡು ವಾಪಸಾದರು.

ಅಂದಿನಿಂದ ದಿನಾ ಅದೇ. ಒಂದೊಂದು ಮನೆಯನ್ನೂ ಹೆಸರಿಟ್ಟು ಕರೆಯುತ್ತಿದ್ದರು. ಬಟ್ಟಬಯಲಿನಲ್ಲಿ ಇಲ್ಲದ ಹೊಸಿಲನ್ನು ಕಾಲೆತ್ತಿ ದಾಟುತ್ತಿದ್ದರು. ಇಲ್ಲದ ತುಳಸಿಕಟ್ಟೆಯನ್ನು ಬಳಸಿ ಹೋಗುತ್ತಿದ್ದರು. ಮಂಗಳಮ್ಮನವರ ಬಾಗಿಲು ಗಿಡ್ಡವಲ್ಲವೇ, ಅಲ್ಲಿ ತಲೆ ಬಗ್ಗಿಸುತ್ತಿದ್ದರು. ನಾನು ನಮ್ಮ ಜಗುಲಿಯಿಂದ ನೋಡುತ್ತಿದ್ದೆ. ನೋಡುತ್ತ ನೋಡುತ್ತ, ದೇವರಾಣೆ ಮೆಹರೂ, ಆ ಮನೆಗಳು ನನಗೂ ಕಾಣತೊಡಗಿದವು. ಬಿಸಿಲು ಬಿದ್ದ ಬಯಲಲ್ಲಿ ಅವರು ಬಗ್ಗಿದ ಕಡೆ ಬಾಗಿಲು, ಕೈ ಊರಿದ ಕಡೆ ಕಂಬ. ನಿಮ್ಮ ಮನೆಯಿದ್ದ ಜಾಗದ ಮುಂದೆ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಸೆರಗು ಮುಂದಕ್ಕೆಳೆದುಕೊಂಡು ಸರಸರ ದಾಟಿಬಿಡುತ್ತಿದ್ದರು.

ಹಮಾಲರೂ ಬದಲಾದರು. ತುಳಸಿಕಟ್ಟೆ ಇದ್ದ ಕಡೆ ಯಾರೂ ಮೂಟೆ ಇಳಿಸುವುದಿಲ್ಲ. ಹೊರೆ ಹೊತ್ತವನೂ ಸುತ್ತು ಹಾಕಿಕೊಂಡೇ ಹೋಗುತ್ತಾನೆ. ರೈತರ ಬಾಯಿಗೆ ಸುದ್ದಿ ಬಿತ್ತು. ಆ ಮಂಡಿಯಲ್ಲಿ ಸತ್ತವರ ಮನೆಗಳಿವೆಯಂತೆ ಎಂದು ಕೆಲವರು ಗಾಡಿ ತಿರುಗಿಸಿಕೊಂಡು ಮದ್ದೂರಿಗೆ ಹೋದರು.

ಚೌಡಯ್ಯ ನಮ್ಮ ಮನೆ ಬಾಗಿಲಿಗೆ ಬಂದ. ದಪ್ಪ ಆಳು, ಮಾತೂ ದಪ್ಪ. “ಏನ್ ಸ್ವಾಮಿ, ಆ ಸುಲ್ತಾನ್ ಬೀ ಮುದುಕೀನ ಅದ್ರ ಮಗಳತ್ರ ಕಳ್ಸೋಕಾಗಲ್ವಾ? ನಾನೇನ್ ಕದ್ದು ಕಟ್ಟಿದ್ನಾ? ಪೇಟೆ ಅಂತ ಸರ್ಕಾರವೇ ಬರ್ದದೆ. ಎಲ್ರೂ ಒಪ್ಪಿ ಮಾರಿದ್ರು. ನನ್ ಮಂಡಿಲಿ ದೆವ್ವ ಅವೆ ಅಂತ ಊರ್ತುಂಬ ಸುದ್ದಿ ಆಗದೆ ಕಣ್ರೀ!”

ಯಜಮಾನರು ಪೇಪರು ಮಡಿಚಿ, “ದೆವ್ವ ಅಲ್ಲ ಚೌಡಯ್ಯ, ನೆರೆಹೊರೆಯೋರು” ಎಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಚೌಡಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಗಿರಣಿಯಲ್ಲಿ ನುಚ್ಚು ಕೇರುವ ಪಟ್ಟಲಮ್ಮ ಎಂಬ ಹೆಂಗಸೊಬ್ಬಳಿದ್ದಾಳೆ, ಮಳವಳ್ಳಿ ಕಡೆಯವಳು. ಒಂದು ದಿನ ಅಮ್ಮಿ ಮಂಗಳಮ್ಮನನ್ನು ಕರೆದಾಗ ಮೊರ ಕೆಳಗಿಟ್ಟು, “ಓ... ಬಂದೆ ಕಣವ್ವಾ!” ಎಂದುಬಿಟ್ಟಳು! ಎದ್ದು ಬಂದು ತನ್ನ ಬುತ್ತಿಯ ಮಜ್ಜಿಗೆಯನ್ನೇ ಚೊಂಬಿಗೆ ಸುರಿದಳು. ಅಮ್ಮಿ ಅವಳ ಕೆನ್ನೆ ಸವರಿ, “ಎಷ್ಟು ಸೊರಗಿದ್ದೀಯ ಮಂಗಳಾ” ಎಂದರು. ಆಮೇಲೆ ನಾನು ಕೇಳಿದೆ, “ಯಾಕವ್ವಾ ಹಂಗಂದೆ?”

“ಇನ್ನೇನನ್ನನವ್ವಾ? ಇಷ್ಟ್ ಆಸೆಯಿಂದ ಒಬ್ರು ಬಾಗ್ಲಲ್ಲಿ ನಿಂತು ಕರೀತಾ ಅವ್ರೆ. ಓ ಅನ್ನದೆ ಇರಕಾಯ್ತದಾ?”

ಇದು ಚೌಡಯ್ಯನಿಗೆ ಸೈರಣೆಯಾಗಲಿಲ್ಲ. ಇನ್ನೊಂದು ದಿನ ಮಂಡಿಯಲ್ಲಿ ತಾನು ಕೂರುವ ಗದ್ದುಗೆಯಿಂದ ಎದ್ದು ಬೈಯುತ್ತ ಅಮ್ಮಿಯ ಎದುರಿಗೇ ಬಂದ. ಅಮ್ಮಿ ಅವನನ್ನು ದಿಟ್ಟಿಸಿ, ಗಾಬರಿಯಿಂದ ಅವನ ಹಣೆ ಮುಟ್ಟಿ ನೋಡಿದರು. “ನಾಗಯ್ಯಾ, ಯಾಕಪ್ಪಾ ಎದ್ದು ಬಂದೆ? ಮೈ ಕೆಂಡ ಆಗದೆ. ಓಗು, ಮಲಕ್ಕೋ, ಕಷಾಯ ತತ್ತೀನಿ” ಎಂದರು.

ಬೈಗುಳ ಕೇಳಿ ನಾನೂ ಓಡಿಬಂದಿದ್ದೆ. ಚೌಡಯ್ಯ ನನ್ನತ್ತ ತಿರುಗಿ, “ಯಾರಮ್ಮಾ ನಾಗಯ್ಯ?” ಎಂದ. ಮಂಗಳಮ್ಮನವರ ಮಾವ, ಪ್ಲೇಗಿನ ವರ್ಷ ಜ್ವರ ಬಂದು ತೀರಿಹೋದವರು ಎಂದೆ. “ಎಲ್ಲಿ?” ಎಂದ. ಅವನ ಗದ್ದುಗೆ ಇರುವ ಜಾಗವೇ ಅವರು ಮಲಗಿದ್ದ ನಡುಮನೆ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಆ ಕಡೆ ನೋಡಿದೆ ಅಷ್ಟೆ. ಅವತ್ತೇ ಸಂಜೆ ಗದ್ದುಗೆಯನ್ನು ಗೇಟಿನ ಪಕ್ಕಕ್ಕೆ ಎತ್ತಿಸಿದ. ಅಂಥ ಆಳು ಆಗಾಗ ಹಣೆ ಮುಟ್ಟಿ ನೋಡಿಕೊಳ್ಳುತ್ತಾನೆಂದು ಪಟ್ಟಲಮ್ಮ ಹೇಳುತ್ತಾಳೆ.

ಇದೆಲ್ಲ ಹೀಗೇ ನಡೆದುಕೊಂಡು ಹೋಗಿದ್ದರೂ ಆಗುತ್ತಿತ್ತು. ಹೋದ ತಿಂಗಳು, ಶಿವರಾತ್ರಿಯ ಆಸುಪಾಸಿನಲ್ಲಿ ಗಿರಣಿಗೆ ದೊಡ್ಡ ಎಂಜಿನ್ ಬಂತು. ಅದನ್ನು ಹೂಡಿದ ಮೇಲೆ ಅಮ್ಮಿಯ ಹಿಂಗೋಡೆಯಲ್ಲಿ ಬಿರುಕು ಕಾಣಿಸಿತು. ನಾನು ಸಗಣಿ ಮಣ್ಣು ಮೆತ್ತಿದೆ. ಮರುದಿನ ಇನ್ನಷ್ಟು ಬಿಟ್ಟುಕೊಂಡಿತು. ಯಜಮಾನರು ಹೋಗಿ ಎಂಜಿನ್ ನಿಲ್ಲಿಸಿ ಎಂದು ಕೇಳಿದರು. ಇರೋ ಬತ್ತ ಮುಗಿಯಲಿ ಎಂದ ಚೌಡಯ್ಯ.

ಅದು ಮುಗಿಯುವ ಮೊದಲೇ ಗೋಡೆ ಕೂತಿತು. ಮಧ್ಯಾಹ್ನ, ಅಮ್ಮಿ ಮಂಡಿಯಲ್ಲಿ ನಿಂತು ಮನೆಗಳನ್ನು ಕರೆಯುತ್ತಿದ್ದ ಹೊತ್ತು. ದೊಡ್ಡ ಸದ್ದೇನೂ ಇಲ್ಲ, ಯಾರೋ ನಿಟ್ಟುಸಿರು ಬಿಟ್ಟಂತಾಯಿತು. ಆಮೇಲೆ ಹೆಂಚಿನ ಮಾಡು ಕುಸಿಯಿತು, ಅದರ ಹಿಂದೆ ಧೂಳು. ಆ ಹೊತ್ತಿಗೆ ಅವರು ಮನೆಯೊಳಗೇ ಇದ್ದಿದ್ದರೆ ಈ ಕಾಗದ ಬೇರೆಯೇ ಆಗುತ್ತಿತ್ತು. ಎಲ್ಲರಿಗಿಂತ ಮೊದಲು ಓಡಿದವನು ಚೌಡಯ್ಯ. “ಒಳಗವ್ರಾ? ಅಜ್ಜಿ ಒಳಗವ್ರಾ?” ಎಂದು ಬರಿಗೈಯಲ್ಲಿ ಹೆಂಚು ಎತ್ತಿ ಎಸೆದ. ಅಮ್ಮಿ ಅವನ ಹಿಂದೆಯೇ ಚೊಂಬು ಹಿಡಿದು ನಿಂತಿದ್ದರು. ಬಿದ್ದ ಮನೆಯನ್ನು ನೋಡಿ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು: “ಪಾಪ... ಯಾರ ಮನೆಯಮ್ಮಾ ಇದು?”

ಗಿರಣಿಯನ್ನು ಯಾರೋ ನಿಲ್ಲಿಸಿದರು. ಅಷ್ಟು ದಿನಗಳ ಮೇಲೆ ಆ ಬೀದಿಯಲ್ಲಿ ಕಾಗೆಯ ದನಿ ಕೇಳಿಸಿತು. ಚೌಡಯ್ಯ ಅವರನ್ನು ತನ್ನ ಗದ್ದುಗೆಯ ಮೇಲೆ ಕೂರಿಸಿ ನೀರು ಕೊಟ್ಟ. ಒಳ್ಳೆಯವನೇ ಇರಬೇಕು ಅಂದುಕೊಂಡೆ. ವಾರ ಕಳೆಯುವುದರೊಳಗೆ, ಬಿದ್ದ ಜಾಗವನ್ನೂ ತನಗೇ ಬರೆದುಕೊಡಿ ಎಂದು ಆಳು ಕಳಿಸಿದ. ಒಬ್ಬನೇ ಮನುಷ್ಯ ಎರಡನ್ನೂ ಮಾಡಬಲ್ಲ ಮೆಹರೂ. ಅದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ಅವತ್ತಿನಿಂದ ಅಮ್ಮಿ ನಮ್ಮಲ್ಲಿದ್ದಾರೆ. ಯಾರನ್ನೂ ಕರೆಯುವುದಿಲ್ಲ, ಹೊರಗೂ ಹೋಗುವುದಿಲ್ಲ. ಪಟ್ಟಲಮ್ಮ ಮಧ್ಯಾಹ್ನ ಬಂದು ಜಗುಲಿಯ ಕೆಳಗೆ ನಿಂತು, “ಅವ್ವಾ, ಮಜ್ಜಿಗೆ ತಂದಿವ್ನಿ” ಎಂದು ತಾನೇ ಕೂಗುತ್ತಾಳೆ. ಅಮ್ಮಿ ಗೋಡೆ ಕಡೆ ತಿರುಗಿ ಮಲಗುತ್ತಾರೆ.

ನಮ್ಮ ಮನೆಗೂ ಗೆರೆ ಬಿದ್ದಿದೆ. ಯುಗಾದಿ ಕಳೆದ ಮೇಲೆ ನಾವೂ ಕಾರ್ಖಾನೆ ಹತ್ತಿರದ ಹೊಸ ವಠಾರಕ್ಕೆ ಹೋಗುತ್ತೇವೆ. ಅಲ್ಲಿಗೆ ಅಮ್ಮಿಯನ್ನು ಕರೆದೊಯ್ಯಲು ನನಗೆ ಭಾರವೇನಿಲ್ಲ. ಆದರೆ ಆ ಹೊಸ ಗೋಡೆಗಳ ನಡುವೆ ಅವರು ಯಾರ ಮನೆಯಲ್ಲಿದ್ದೇನೆ ಅಂದುಕೊಂಡಾರು? ನೀನು ಬರಬೇಕು. ಈ ಬೀದಿ ಇರುವಾಗಲೇ ಬಾ. ಅಣ್ಣನಿಗೆ ಅಂಗಡಿ ಬಿಡಲಾಗದಿದ್ದರೆ ನೀನೊಬ್ಬಳೇ ರೈಲು ಹತ್ತು, ಸ್ಟೇಷನ್ನಿಗೆ ನಾನೇ ಬರುತ್ತೇನೆ.

ಮಕ್ಕಳ ತಲೆ ಮೇಲೆ ನನ್ನ ಕೈ ಇಟ್ಟೆನೆಂದು ತಿಳಿ. ಅವರಿಗೆ ನೂರು ವರ್ಷ ಆಯಸ್ಸಾಗಲಿ. ನಿನ್ನ ಅಲ್ಲಾ, ನಮ್ಮ ಮಾದಪ್ಪ ಇಬ್ಬರೂ ಸೇರಿ ನಿನ್ನ ಹೊಸ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ
ದೇವಿರಮ್ಮ

ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ: ಮೊನ್ನೆ ಅಮ್ಮಿಯ ತಲೆ ಬಾಚುತ್ತಿದ್ದೆ. ಇದ್ದಕ್ಕಿದ್ದಂತೆ “ಮೆಹರೂ” ಎಂದರು. ನಾನು ಪಟ್ಟಲಮ್ಮನ ಹಾಗೆ “ಓ” ಎಂದುಬಿಟ್ಟೆ. ನನ್ನ ಕೈ ಹಿಡಿದುಕೊಂಡು ಹೇಳಿದರು, “ಮನೆ ಮಾರಿದ್ದಕ್ಕೆ ಕೋಪ ಇಲ್ಲ ಬೇಟೀ. ನಾನು ಬಾಗ್ಲಲ್ಲೇ ನಿಂತಿದ್ದೆ. ನಿನ್ನ ಗಾಡಿ ತಿರುವು ದಾಟೋವರೆಗೂ ನಿಂತಿದ್ದೆ. ನೀನು ಒಂದು ಸಲನೂ ತಿರುಗಿ ನೋಡ್ಲಿಲ್ಲ.” ನಾನು, “ನೋಡ್ದೆ ಅಮ್ಮಿ, ನಿಮಗೆ ಕಾಣಲಿಲ್ಲ” ಎಂದೆ. ಅವರು ನಂಬಿದರೋ ಇಲ್ಲವೋ ತಿಳಿಯದು. ಅವತ್ತು ನಾನು ಬೀದಿಗೆ ಬಂದಿರಲಿಲ್ಲ ಮೆಹರೂ. ನೀನು ಹೋಗುವುದನ್ನು ನೋಡಲಾರದೆ ಕದ ಹಾಕಿಕೊಂಡು ಒಳಗೆ ಕೂತಿದ್ದೆ. ನೀನು ತಿರುಗಿ ನೋಡಿದೆಯಾ?