ಹೆಡ್‌ಲೈಟಿನ ಭಂಡಾರ

ಕೂಡ್ಲಿಗಿ
೧೪-೭-೧೯೭೯

ಮರುಳಸಿದ್ದಮ್ಮನವರಿಗೆ ಓಬಳೇಶನ ನಮಸ್ಕಾರಗಳು.

ಮೊನ್ನೆ ನೀವು ಚಹಾಕ್ಕಿಟ್ಟಾಗ ಹೇಳದೆ ಎದ್ದುಬಂದೆ. ಅದಕ್ಕಿಂತ ದೊಡ್ಡ ತಪ್ಪು ಬೇರೆಯಿದೆ.

ಕುರಿಗಳಿಗೆ ಸೂಜಿ ಹಾಕಲು ಹಟ್ಟಿ ಹಟ್ಟಿ ತಿರುಗಿದ ನಿಮ್ಮ ಯಜಮಾನರ ಮೋಟಾರ್‌ಸೈಕಲ್, ಅವರು ತೀರಿಕೊಂಡ ಮೇಲೆ ಆರು ವರ್ಷ ಹಿತ್ತಲಲ್ಲೇ ನಿಂತಿತ್ತು. ಸರಿಮಾಡಿಕೊಂಡು ಓಡಿಸು ಎಂದು ನಂಬಿ ನನಗೆ ಕೊಟ್ಟಿರಿ. ಸ್ಪ್ಯಾನರ್ ಹಿಡಿದು ಗೊತ್ತಿಲ್ಲದವನು ನಾನು. ಕಾರ್ಬುರೇಟರ್ ಮೂರು ಸಲ ಬಿಚ್ಚಿ ಜೋಡಿಸಿದರೂ ಪ್ರತಿ ಸಲ ಒಂದು ಸ್ಕ್ರೂ ಉಳಿಯುತ್ತಿತ್ತು. ಆ ಸಿಟ್ಟಿಗೆ, ನನಗೆ ಬರುವ ಕೆಲಸ ಇದೊಂದೇ ಎಂದು ಸೀಮೆಎಣ್ಣೆ ಹಾಕಿ ಹೆಡ್‌ಲೈಟ್ ತಿಕ್ಕಿದೆ.

ಗಾಡಿ ಶುರುವಾದ ದಿನವೇ ಕೊಟ್ಟೂರಿಗೆ, ನಿಮ್ಮ ಮನೆಗೆ ಬಂದೆ. ನೀವು ಹೆಡ್‌ಲೈಟ್ ಸವರಿ, "ಇಲ್ಲಿ ಭಂಡಾರ ಇತ್ತಲ್ಲೋ ತಮ್ಮಾ. ಕುರಿ ಬದುಕಿದಾಗೆಲ್ಲಾ ಹಟ್ಟಿ ಮಂದಿ ದೇವರ ಅರಿಷಿಣ ತಂದು ಹಚ್ಚತಿದ್ರು" ಅಂದಿರಿ.

"ಮಳಿಗಿ ತೊಳದು ಹೋಗೈತ್ರಿ" ಅಂದೆ.

ಸುಳ್ಳು. ಮೇಲೆ ಎಣ್ಣೆ, ಧೂಳು ಕೂತು ಕಪ್ಪಾಗಿತ್ತು. ಕೆರೆದಾಗ ಒಳಗಿನ ಹಳದಿ ಕಂಡಿತು. ಏನೆಂದು ಗೊತ್ತಾಯಿತು. ಆದರೂ ಕೈ ನಿಲ್ಲಿಸಲಿಲ್ಲ, ಅರ್ಧ ಆಗಲೇ ಹೊಳೆಯುತ್ತಿತ್ತಲ್ಲ.

ಯಜಮಾನರು ಹೋಗುತ್ತಿದ್ದ ಹಟ್ಟಿಗಳ ಹೆಸರು ದಯವಿಟ್ಟು ಬರೆಸಿ ಇಡಿ. ಒಂದೊಂದಕ್ಕೂ ಹೋಗಿ ಇದ್ದದ್ದು ಹೇಳುತ್ತೇನೆ. ಮತ್ತೆ ಹಚ್ಚುವುದು, ಬಿಡುವುದು ಅವರಿಗೆ ಸೇರಿದ್ದು.

ಸೋಮವಾರ ಗಾಡಿ ತರುತ್ತೇನೆ. ಈಗ ಒಂದೇ ಕಿಕ್ಕಿಗೆ ಶುರುವಾಗುತ್ತದೆ. ಆದರೆ ಊರ ಹೊರಗೇ ಬಂದ್ ಮಾಡಿ, ನಿಮ್ಮ ಮನೆಯವರೆಗೂ ತಳ್ಳಿಕೊಂಡು ಬರುತ್ತೇನೆ. ಮೊನ್ನೆ ಅದರ ಸದ್ದು ಕೇಳಿ ನೀವು ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಓಡಿಬಂದಿರಿ. ಆಮೇಲೆ ನನ್ನನ್ನು ನೋಡಿದಿರಿ.

ಇಂತಿ,
ಓಬಳೇಶ