ಕಣ್ಣು ಮುಚ್ಚಿ ಆಡಿದ ಮಾತು

ಪುಣೆ, ಲಷ್ಕರ ಭಾಗ
ಮಂಗಳವಾರ, ೨೫ನೇ ನವೆಂಬರ ೧೯೩೦

ಪ್ರೀತಿಯ ಮಗ ಸುಂದರನಿಗೆ ನಿನ್ನ ತಾಯಿಯ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಶಿರೂರಿನ ಬಯಲುಗಾಳಿ ಈ ತಿಂಗಳಲ್ಲಿ ನೇರ ಎದೆಗೆ ಬಂದು ಕೂಡುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನೂಲುವ ಕೇಂದ್ರದ ಮಕ್ಕಳಿಗೆ ಓದು ಬರಹ ಕಲಿಸಿ ಅಲ್ಲಿಯೇ ಚಾಪೆಯ ಮೇಲೆ ಮಲಗುತ್ತೀಯೆಂದು ಸುಲಭಾ ಹೇಳಿದಳು. ತಂಗಿಗೆ ನಾಲ್ಕು ಪುಟ ಬರೆಯುವವನು ತಾಯಿಗೆ ಒಂದು ಸಾಲು ಬರೆಯಬಾರದೆಂಬ ಕಾಯಿದೆ ಯಾವ ಸ್ವರಾಜ್ಯದಲ್ಲಿದೆಯೋ ನನಗೆ ತಿಳಿಯದು. ಹಾಗೆಂದು ದೂರುತ್ತಿಲ್ಲ, ನಾನೂ ಮೂರು ತಿಂಗಳು ಬರೆದಿಲ್ಲ. ಟಪಾಲಿನಲ್ಲಿ ಒಂದು ಉಣ್ಣೆಯ ಬನಿಯನ್ ಕಳಿಸಿದ್ದೇನೆ. ನಾನೇ ಹೆಣೆದದ್ದು. ದಾರ ಯಾವ ದೇಶದ್ದೆಂದು ವಿಚಾರಣೆ ಮಾಡದೆ ತೊಟ್ಟುಕೊ. ರೊಟ್ಟಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿಯೂ ಇದೆ, ಒಬ್ಬನೇ ತಿನ್ನಬೇಡ. ನನ್ನ ಮೊಣಕಾಲು ಎಂದಿನಂತೆಯೇ ಇದೆ, ಕಣ್ಣು ಮಾತ್ರ ದೂರದ್ದನ್ನು ಬಿಡುತ್ತಾ ಬಂದಿದೆ. ಸುಲಭಾ ಆಸ್ಪತ್ರೆಯ ಕೆಲಸ ಕಲಿಯಲು ದಿನಾಲೂ ನಡೆದೇ ಹೋಗುತ್ತಾಳೆ. ನೆರೆಮನೆಯ ಕೃಷ್ಣಾಬಾಯಿ ಮೊನ್ನೆ ನೀರಿನ ಹತ್ತಿರ, “ಸಾಹೇಬರು ಹಡಗು ಹತ್ತಿದ್ರ ನೀವು ಕಿರಿಸ್ತಾನರೂ ಸಂಗಡ ಹೋಗಾವ್ರ ಏನ್ರಿ?” ಎಂದು ನಕ್ಕರು. “ನಮ್ಮ ಅತ್ತಿ ಮಾವನ್ನ ಹುಗದದ್ದು ಧಾರವಾಡದಾಗರೀ, ವಿಲಾಯತಿಯೊಳಗಲ್ಲ,” ಎಂದು ಹೇಳಿ ಕೊಡ ಎತ್ತಿಕೊಂಡು ಬಂದೆ. ಮನೆಗೆ ಬಂದ ಮೇಲೆ ಅನ್ನಿಸಿತು, ಇದು ನಿನ್ನ ಬಾಯಲ್ಲಿ ಬರುವಂಥ ಮಾತಲ್ಲವೇ ಎಂದು. ಇರಲಿ.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಭಾನುವಾರ, ೩೦ನೇ ತಾರೀಖು, ಬೆಳಗಿನ ಆರಾಧನೆ ಮುಗಿದ ಮೇಲೆ ನಮ್ಮ ಕನ್ನಡ ಸಭೆಯ ಹಿರಿಯರು ಕೂಡಿ, ನಿನ್ನ ಹೆಸರು ಸಭೆಯ ಪಟ್ಟಿಯಲ್ಲಿ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ನೀನು ಖಾದಿ ತೊಟ್ಟಿದ್ದಕ್ಕಲ್ಲ, ಪರದೇಶಿ ಬಟ್ಟೆಯಂಗಡಿಯ ಮುಂದೆ ನಿಂತದ್ದಕ್ಕೂ ಅಲ್ಲ. ಮಿಶನ್ ಶಾಲೆಯ ನೌಕರಿ ಹೋದ ಮರುದಿನ ದೇವಾಲಯದ ಬಾಗಿಲಲ್ಲಿ ಸಿದ್ರಾಮಪ್ಪ ಮಾಸ್ತರರನ್ನು ತಡೆದು ನಿಲ್ಲಿಸಿ, ಇಡೀ ಸಭೆಯ ಎದುರಿಗೆ, “ನನ್ನನ್ನ ಎಷ್ಟಕ್ಕ ಮಾರಿದ್ರಿ ಮಾಸ್ತರ್ರ?” ಎಂದು ಕೇಳಿದೆಯಲ್ಲ, ಅದಕ್ಕೆ. ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದ ಮನುಷ್ಯ ಅವರು. ಹಿರಿಯರಲ್ಲಿ ಹಿರಿಯರು. ಆ ದಿನದಿಂದ ಅವರು ಹಿರಿಯರ ಕೂಟದಲ್ಲಿ ಇದರ ಬಗ್ಗೆ ತುಟಿ ಬಿಚ್ಚಿಲ್ಲ, ಆದರೆ ಉಳಿದ ಹಿರಿಯರು ಬಿಡಲು ಸಿದ್ಧರಿಲ್ಲ. ನೀನು ಬಂದು ಕ್ಷಮೆ ಕೇಳಬೇಕು, ಇಲ್ಲವಾದರೆ ಹೆಸರು ಹೊಡೆಯುತ್ತಾರೆ. ಪಟ್ಟಿಯಿಂದ ಹೆಸರು ಹೋದವನಿಗೆ ಕರ್ತನ ಭೋಜನವಿಲ್ಲ, ಮದುವೆಗೆ ಪಾದ್ರಿಗಳಿಲ್ಲ, ಮುಂದೊಂದು ದಿನ ನಿನ್ನ ತಂದೆಯ ಪಕ್ಕದಲ್ಲಿ ಆರಡಿ ಮಣ್ಣೂ ಇಲ್ಲ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ನೀನು ಹೆದರುವವನಲ್ಲವೆಂದು ನಿನ್ನನ್ನು ಹೆತ್ತವಳಿಗೆ ಗೊತ್ತು.

ತಪ್ಪು ಶುರುವಾದದ್ದು ನಮ್ಮ ಮನೆಯಲ್ಲಿ. ಜುಲೈ ತಿಂಗಳ ಮಳೆಯಲ್ಲಿ ನೀನು ಮೊದಲ ಸಲ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದೆ. ನಾನು ಏನೂ ಕೇಳಲಿಲ್ಲ. ದೀಪ ಹಚ್ಚಿ ಕುಟುಂಬ ಪ್ರಾರ್ಥನೆಗೆ ಕೂತಾಗ ಕಣ್ಣು ಮುಚ್ಚಿ, “ಕರ್ತನೇ, ಉಂಡ ಮನೆಯ ಜಂತಿ ಎಣಿಸುವವರ ಸಂಗದಿಂದ ಈ ಮನೆಯ ಮಗನನ್ನು ಬಿಡಿಸು,” ಎಂದೆ. ಮರುದಿನ ಪ್ರಾರ್ಥಿಸುವ ಸರದಿ ನಿನ್ನದು. “ಗುಲಾಮರಾಗಿದ್ದ ನಿನ್ನ ಜನರನ್ನು ಸಮುದ್ರ ಸೀಳಿ ಹೊರತಂದ ದೇವರೇ, ನಮ್ಮ ತಾಯಂದಿರನ್ನು ಪಿಂಚಣಿಯ ಭಯದಿಂದ ಹೊರಗೆ ತಾ,” ಎಂದೆ ನೀನು. ಪಿಂಚಣಿ! ನಿನ್ನ ತಂದೆ ಲಷ್ಕರದ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಬೆನ್ನು ಬಗ್ಗಿಸಿ ದುಡಿದದ್ದು ನಿನ್ನ ಬಾಯಲ್ಲಿ ಒಂದು ಭಯವಾಯಿತೇ ಎಂದು ನನಗೆ ಅಂದು ರೊಟ್ಟಿ ಇಳಿಯಲಿಲ್ಲ. ಆದರೆ ಬಾಯಿ ಬಿಟ್ಟು ಕೇಳಿದೆನೇ? ಇಲ್ಲ. ಮರುಸಂಜೆಗೆ ಇನ್ನೊಂದು ಪ್ರಾರ್ಥನೆ ಹೊಂದಿಸಿಟ್ಟುಕೊಂಡೆ. ಪ್ರಾರ್ಥನೆಗೆ ಯಾರೂ ಅಡ್ಡಬಾಯಿ ಹಾಕುವಂತಿಲ್ಲ, ಅದರ ಅನುಕೂಲವೇ ಅದು. ಇಡೀ ತಿಂಗಳು ತಾಯಿ ಮಗ ಹಗಲೆಲ್ಲ ಉಪ್ಪು ಕೊಡು, ನೀರು ಕೊಡು ಎನ್ನುವುದರ ಆಚೆ ಒಂದು ಮಾತಾಡಲಿಲ್ಲ. ಸಂಜೆ ಕಣ್ಣು ಮುಚ್ಚಿ ದೇಶದ ರಾಜಕಾರಣವನ್ನೆಲ್ಲ ಆಡಿದೆವು. ಕಡೆಗೆ ಸುಲಭಾ ಅಂದದ್ದು ನಿನಗೆ ನೆನಪಿರಬೇಕು: “ಅವ್ವಾ, ನೀನೂ ಅಣ್ಣನೂ ದೇವರನ್ನ ನಡಕ ಕುಂಡ್ರಿಸಿಕೊಂಡು ಜಗಳಾಡಾಕತ್ತೀರಿ. ಪಾಪ, ಆತಗ ಎದ್ದು ಹೋಗಾಕೂ ದಾರಿ ಇಲ್ಲ.” ನಾನು ಅವಳಿಗೆ ನಾಲಿಗೆ ಬಿಗಿಹಿಡಿ ಎಂದೆ. ನಿನಗೆ ನಗು ಬಂದಿತ್ತು, ನಾನು ನೋಡಿದೆ. ನಾನೂ ಆಗ ನಕ್ಕಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ.

ಆಮೇಲೆ ಆಗಸ್ಟಿನಲ್ಲಿ ಆ ಚೀಟಿ. ನಮ್ಮ ಬುಧವಾರದ ಪ್ರಾರ್ಥನಾ ಕೂಟದಲ್ಲಿ ಕಷ್ಟವಿದ್ದವರು ಹೆಸರಿಲ್ಲದೆ ಚೀಟಿ ಬರೆದು ತಗಡಿನ ಪೆಟ್ಟಿಗೆಗೆ ಹಾಕುವ ಪದ್ಧತಿ ನಿನಗೆ ಗೊತ್ತೇ ಇದೆ. ಸರದಿಯ ಹಿರಿಯರು ಅದನ್ನು ಓದುತ್ತಾರೆ, ಎಲ್ಲರೂ ಬೇಡಿಕೊಳ್ಳುತ್ತಾರೆ. ಆ ಬುಧವಾರ ಸಿದ್ರಾಮಪ್ಪ ಮಾಸ್ತರರ ಸರದಿ. ಶಾಲೆಯಲ್ಲಿ ಪಾಠ ಹೇಳುವ ಒಬ್ಬ ತರುಣ ಸರಕಾರದ ವಿರುದ್ಧ ಮೆರವಣಿಗೆಗಳಲ್ಲಿ ತಿರುಗುತ್ತಿದ್ದಾನೆ, ಅವನ ಮನಸ್ಸು ತಿರುಗಿಸಲು ಪ್ರಾರ್ಥಿಸಿರಿ ಎಂದು ಒಂದು ಚೀಟಿಯಲ್ಲಿತ್ತು. ಮಾಸ್ತರರು ಅದನ್ನು ಮನಸ್ಸಿನಲ್ಲೇ ಓದಿಕೊಂಡು, ಮಡಿಚಿ, “ಒಂದು ಮನಿಯ ಸಮಾಧಾನಕ್ಕಾಗಿ ಬೇಡಿಕೊಳ್ಳೋಣ,” ಎಂದಷ್ಟೇ ಅಂದರು. ಆದರೆ ಚೀಟಿಗಳು ಪೆಟ್ಟಿಗೆಯ ಸಂಗಡ ಪಾದ್ರಿ ಸಾಹೇಬರ ಕೋಣೆಗೆ ಹೋಗುತ್ತವೆ. ಸಾಹೇಬರಿಗೆ ಕನ್ನಡ ಓದಲು ಬರುತ್ತದೆ, ಅವರು ನಡೆಸುವ ಶಾಲೆಗೆ ಸರಕಾರದ ಅನುದಾನವೂ ಬರುತ್ತದೆ. ಇದು ಸುಂದರನೇ ಏನು ಎಂದು ಅವರು ಮಾಸ್ತರರನ್ನು ಕೇಳಿದರು. ಮಾಸ್ತರರು ಸುಳ್ಳು ಹೇಳಲಾರದೆ ಹೌದೆಂದರು, ನೌಕರಿ ತೆಗೆಯಬೇಡಿರೆಂದು ಕೈ ಮುಗಿದೂ ಕೇಳಿದರು. ನಿನ್ನ ಕಿವಿಗೆ ಬಿದ್ದದ್ದು ಆ ‘ಹೌದು’ ಒಂದೇ. ಚೀಟಿ ಬರೆದವರು ಅವರಲ್ಲ, ಸುಂದರ. ಇದಕ್ಕೆ ನಾನು ಹೊಣೆ.

ಮೊನ್ನೆ ಭಾನುವಾರದ್ದನ್ನೂ ಹೇಳುತ್ತೇನೆ. ನಿನ್ನ ವಿಷಯ ತೀರ್ಮಾನಿಸುವ ಮೊದಲು ಸಭೆಯಲ್ಲಿ ಸರಕಾರದ ಕಡೆಯವರೂ ಸ್ವರಾಜ್ಯದ ಕಡೆಯವರೂ ಕೂತು ಸಮಾಧಾನದಿಂದ ಮಾತಾಡಲಿ ಎಂದು ಕರೆದಿದ್ದರು. ಹೆಂಗಸರು ಹಿಂದಿನ ಬೆಂಚುಗಳಲ್ಲಿ ಕೂತು ಕೇಳಬಹುದು ಎಂದರು. ಮೊದಲು ಪ್ರಾರ್ಥಿಸೋಣ ಎಂದದ್ದೇ ತಡ, ಪಲ್ಟಣದ ಸಿಪಾಯಿಗಳ ಬಟ್ಟೆ ಹೊಲಿಯುವ ಮಲಕಪ್ಪ ಎದ್ದು ಚಕ್ರವರ್ತಿಗಳ ಆಯುಷ್ಯಕ್ಕಾಗಿ ಬೇಡಿಕೊಂಡು, ಕುರಿಹಿಂಡಿನಲ್ಲಿ ನುಸುಳಿದ ತೋಳಗಳನ್ನು ಒಂದೊಂದಾಗಿ ದೇವರಿಗೆ ತೋರಿಸಿದ. ಅದು ಮುಗಿಯುವುದರೊಳಗೆ ಛಾಪಖಾನೆಯಲ್ಲಿ ಅಚ್ಚುಮೊಳೆ ಜೋಡಿಸುವ ಕುಶಲ, ನಿನ್ನ ಗೆಳೆಯ, ಯೆರವಡೆಯ ಜೈಲಿನಲ್ಲಿರುವವರಿಗಾಗಿ ಶುರು ಮಾಡಿದ: “ನಿನ್ನನ್ನೂ ಸರಕಾರದವರೇ ಕಟ್ಟಿ ಒಯ್ದರಲ್ಲಾ ಸ್ವಾಮೀ,” ಎಂದು. ಮಲಕಪ್ಪ ಮತ್ತೆ. ಕುಶಲ ಮತ್ತೆ. ನಡುವೆ ಮುದುಕಿ ಚನ್ನಬಸವ್ವ ಎದ್ದು, “ದೇವರ, ನನ್ನ ಆಡು ಇವತ್ತೋ ನಾಳೆಯೋ ಈಯತದ, ಇವರನ್ನ ಲಗೂ ಮುಗಿಸು,” ಎಂದು ಬೇಡಿಕೊಂಡಳು. ಗಂಟೆಯ ಮೇಲಾಯಿತು, ಒಬ್ಬರೂ ಇನ್ನೊಬ್ಬರಿಗೆ ಒಂದು ಮಾತು ಹೇಳಿರಲಿಲ್ಲ. ಪ್ರಾರ್ಥನೆಯ ನಡುವೆ ನಾನು ಜನ್ಮದಲ್ಲಿ ಕಣ್ಣು ತೆರೆದವಳಲ್ಲ. ಅಂದು ತೆರೆದೆ. ಮಲಕಪ್ಪನ ಮುಷ್ಟಿ ಬಿಗಿದಿತ್ತು, ಕುಶಲನ ದವಡೆ ಬಿಗಿದಿತ್ತು. ಕುಸ್ತಿಯ ಕಣದಲ್ಲಿ ನಿಂತವರ ಹಾಗೆ ಕಂಡರು. ಜುಲೈ ತಿಂಗಳಲ್ಲಿ ನಮ್ಮಿಬ್ಬರ ಮುಖ ಹೀಗೆಯೇ ಇತ್ತೇನೋ ಎನ್ನಿಸಿ ನನಗೆ ನಾಚಿಕೆಯಾಯಿತು.

ನಾನು ಎದ್ದು ಗಟ್ಟಿಯಾಗಿ ಆಮೆನ್ ಎಂದೆ, ಮಲಕಪ್ಪನ ಪ್ರಾರ್ಥನೆ ಇನ್ನೂ ಅರ್ಧದಲ್ಲಿದ್ದಾಗಲೇ. “ಸಾಕು, ಎಲ್ಲಾರೂ ಕಣ್ಣು ತೆಗೀರಿ. ಮಲಕಪ್ಪ, ನಿನಗೇನು ಹೇಳೂದದ ಅದನ್ನ ಈ ಹುಡುಗಗ ಹೇಳು. ದೇವರಿಗೆ ಮೊದಲ ಗೊತ್ತದ,” ಎಂದೆ. ಹೆಂಗಸು ಹಿಂದಿನ ಬೆಂಚಿನಿಂದ ಹೀಗೆ ಅಂದದ್ದಕ್ಕೆ ಎಲ್ಲರೂ ಗೋಡೆ ಬಿದ್ದ ಸದ್ದಾದಂತೆ ತಿರುಗಿ ನೋಡಿದರು. ಮಲಕಪ್ಪ ಅಂದ: “ಅಕ್ಕಾರ, ಪಲ್ಟಣದ ಬಟ್ಟಿ ಹೊಲದು ನನ್ನ ಮನಿ ನಡೀತದ. ಸಾಹೇಬರು ಹೋದ ಮ್ಯಾಲ ನನ್ನ ಹೊಲಿಗಿ ಯಾರು ಕೇಳಾವ್ರು? ಪ್ಯಾಟ್ಯಾಗ ಈಗ ನಮ್ಮನ್ನ ಬಿಳಿಯರ ಬಾಲ ಅಂತಾರ.” ಕುಶಲ, “ಬಾಲ ಅಂತಾರಂತ ಗೊತ್ತದಲ್ಲ ಮಾಮಾ, ಹಂಗಾರ ಮುಂದ ಬಂದು ನಡೀರಿ,” ಎಂದ. ಯಾರೋ ನಕ್ಕರು. ಮಲಕಪ್ಪನೂ ನಕ್ಕ, ನಕ್ಕು ಬೈದ. “ನೀ ಬರೇ ಮುಂದ ನಡೀರಿ ಅಂತಿ. ಮುಂದ ಯಾರು ನಮಗ ಜಾಗಾ ಬಿಡ್ತಾರ, ಅದನ್ನ ಹೇಳು,” ಎಂದ. ಅದು ತನಗೂ ತಿಳಿಯದೆಂದು ಕುಶಲ ಒಪ್ಪಿಕೊಂಡ. ಯಾವ ತೀರ್ಮಾನವೂ ಆಗಲಿಲ್ಲ, ಇಬ್ಬರ ಮನಸ್ಸೂ ಬದಲಾಗಲಿಲ್ಲ, ಆದರೆ ಮನೆಗೆ ಹೋಗುವಾಗ ಅದನ್ನೇ ಆಡುತ್ತಾ ಒಂದೇ ದಾರಿಯಲ್ಲಿ ಹೋದರು.

ನನ್ನ ಮನಸ್ಸೂ ಬದಲಾಗಿಲ್ಲ, ತಪ್ಪು ತಿಳಿಯಬೇಡ. ಚಕ್ರವರ್ತಿಗಳಿಗಾಗಿ ಪ್ರಾರ್ಥಿಸುವುದನ್ನು ನಾನು ಬಿಡುವುದಿಲ್ಲ. ಆಳುವವರಿಗೆ ದೇವರು ಬುದ್ಧಿ ಕೊಡಲಿ ಎಂದು ಕೇಳುವುದು, ಆಳುವವರು ಯಾರೇ ಇರಲಿ, ನಮ್ಮ ಕರ್ತವ್ಯ. ಮಕ್ಕಳಿಗೆ ಪಾಠ ಹೇಳುವವನು ಬೀದಿಯಲ್ಲಿ ಕೂಗುತ್ತಾ ಹೋಗುವುದು ನನಗೆ ಈಗಲೂ ಸರಿಕಾಣದು. ಆದರೆ ನೀನು ಯಾಕೆ ಹೋದೆ ಎಂದು ನಾನು ನಿನ್ನನ್ನು ಒಮ್ಮೆಯೂ ಕೇಳಲಿಲ್ಲ. ಯೇಸುವಿನ ಮೇಲೆ ನಂಬಿಕೆಯಿದ್ದೂ ಹೋದೆಯೋ, ಆ ನಂಬಿಕೆಯಿಂದಲೇ ಹೋದೆಯೋ? ಮೆರವಣಿಗೆಯಲ್ಲಿ ನಿನ್ನ ಪಕ್ಕದಲ್ಲಿ ನಡೆದವರು ನಿನ್ನನ್ನು ತಮ್ಮವನೆಂದರೋ, ಕಿರಿಸ್ತಾನ ಎಂದು ಒಂದು ಹೆಜ್ಜೆ ದೂರ ಇಟ್ಟರೋ? ಮಲಕಪ್ಪನ ಪ್ರಶ್ನೆಗೆ ನಿನ್ನ ಹತ್ತಿರವಾದರೂ ಉತ್ತರವಿದೆಯೋ? ಒಂದು ತಿಂಗಳು ದಿನಾಲೂ ನಿನ್ನ ಪ್ರಾರ್ಥನೆ ಕೇಳಿದವಳಿಗೆ ಇದರಲ್ಲಿ ಒಂದೂ ಗೊತ್ತಿಲ್ಲ. ಬಂದರೆ ಊಟಕ್ಕೆ ಕೂತು ಹೇಳು. ನಾನು ಒಪ್ಪುತ್ತೇನೆಂದು ಮಾತು ಕೊಡಲಾರೆ, ಪೂರಾ ಕೇಳುತ್ತೇನೆ.

ಆದುದರಿಂದ ಶನಿವಾರದ ಮೋಟಾರಿಗೆ ಹೊರಟು ಬಾ. ಮಾಸ್ತರರಿಗೆ ನೀನು ಆಡಿದ ಮಾತು ಆಡಬಾರದ್ದು. ವಯಸ್ಸಾದ ಮನುಷ್ಯ ಈಗ ಎಲ್ಲರೂ ಒಳಗೆ ಹೋಗುವವರೆಗೆ ಗೇಟಿನ ಹೊರಗೇ ನಿಂತು ಕಡೆಗೆ ಬರುತ್ತಾರೆ. ಸುಲಭಾಳ ನಮಸ್ಕಾರ. ಚನ್ನಬಸವ್ವನ ಆಡಿಗೆ ಎರಡು ಮರಿ, ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ದೇವರು ನಿನ್ನ ಎದೆಯನ್ನು ಬೆಚ್ಚಗಿಡಲಿ, ತಲೆಯನ್ನು ತಣ್ಣಗಿಡಲಿ.

ನಿನ್ನ ತಾಯಿ
ಲುದಿಯವ್ವ

ತಾ. ಕ.: ಲಕೋಟೆ ಅಂಟಿಸುವ ಮೊದಲು ಸುಲಭಾ ಓದಿದಳು. “ಎಲ್ಲಾ ಬರದೀ ಅವ್ವಾ, ಬರಿಬೇಕಾದ್ದನ್ನ ಬಿಟ್ಟೀ,” ಎಂದಳು. ಟಪಾಲಿಗೆ ಹೊತ್ತಾಗಿದೆ, ಬೇಗ ಬರೆಯುತ್ತೇನೆ. ಆ ಚೀಟಿ ನನ್ನದು. ನಿನಗೆ ಹೇಳಲಾರದ್ದನ್ನು ಬರೆದು ಪೆಟ್ಟಿಗೆಗೆ ಹಾಕಿದೆ. ಅದು ನಿನ್ನ ನೌಕರಿಗೆ ಮುಳುವಾದೀತೆಂದು ಯೋಚಿಸಲಿಲ್ಲ. ಯೋಚಿಸದೆ ಇದ್ದದ್ದೇ ಪಾಪ. ಮಾಸ್ತರರು ನನ್ನ ಅಕ್ಷರ ಗುರುತಿಸಿದ್ದರು. ನೀನು ಬಾಗಿಲಲ್ಲಿ ಅವರನ್ನು ಹಾಗೆ ಕೇಳಿದಾಗ ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ, ಅವರು ನನ್ನನ್ನು ನೋಡಿ ತಲೆ ತಗ್ಗಿಸಿದರು. ಅಂದು ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಮೊನ್ನೆ ಅವರನ್ನು ಕೇಳಿದೆ. “ಚೀಟಿ ದೇವರಿಗೆ ಬರದದ್ದು, ಲುದಿಯವ್ವ. ಊರಿಗೆ ಓದಿ ಹೇಳಾಕ ನಾ ಯಾರು? ಮ್ಯಾಲ, ಮಗಾ ನನ್ನನ್ನ ಬೈದ್ರ ನಾಲ್ಕು ದಿನ, ತಾಯಿನ್ನ ಬಿಟ್ರ ಜನ್ಮ,” ಎಂದರು. ಮೂರು ತಿಂಗಳು ನಾನು ಅವರನ್ನು ಹಾಗೆಯೇ ನಿಲ್ಲಿಸಿಟ್ಟೆ. ಭಾನುವಾರ ಹಿರಿಯರ ಎದುರು ಎದ್ದು ನಿಂತು ಇದನ್ನು ಹೇಳುತ್ತೇನೆ, ನೀನು ಬಂದರೂ, ಬಾರದಿದ್ದರೂ. ಪಟ್ಟಿಯಿಂದ ಒಂದು ಹೆಸರು ಹೊಡೆಯಲೇಬೇಕೆಂದರೆ ನನ್ನದು ಹೊಡೆಯಲಿ. ನೀನು ಬಂದರೆ ಬಾಗಿಲ ಹತ್ತಿರ ಕೂಡಬೇಡ, ಅಷ್ಟು ದೂರದ್ದು ನನಗೆ ಕಾಣುವುದಿಲ್ಲ. ಮುಂದೆ ಬಂದು ಕೂತುಕೊ.