ಕಿಟಕಿಯ ಬೆಳಕಿಗೆ ನಾನು ಕಟ್ಟಿದ ಬೆಲೆ

ಮನೆ,
ಗುರುವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಮ್ಮಾ,

ಅಜ್ಜಿಯ ಸೊಂಟ ಹೇಗಿದೆ? ಎದ್ದು ನಾಲ್ಕು ಹೆಜ್ಜೆ ಹಾಕಿದಳೋ, ಇಲ್ಲ ಮಂಚದಿಂದಲೇ ನಿನ್ನನ್ನು ಕುಣಿಸುತ್ತಿದ್ದಾಳೋ? ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಸುಳ್ಳಾಗುತ್ತದೆ, ಬಿಟ್ಟೆ.

ನಿನ್ನೆ ನಮ್ಮ ಕೇಸು ಇತ್ತು. ಪಕ್ಕದ ಪಾತ್ರೆ ಅಂಗಡಿಯವನು ಗೋದಾಮಿನ ಗೋಡೆ ಎಬ್ಬಿಸಿ ನಿನ್ನ ಹೊಲಿಗೆ ಕೋಣೆಯ ಕಿಟಕಿ ಮುಚ್ಚಬಾರದು ಎಂದು ಹಾಕಿದ್ದೇವಲ್ಲ, ಅದೇ. ತಡೆಯಾಜ್ಞೆ ಇರುವುದರಿಂದ ಗೋಡೆ ಇನ್ನೂ ಕಿಟಕಿಯ ಕೆಳಗೇ ನಿಂತಿದೆ. ಶಾಲೆ ಬಿಟ್ಟು, ಮೂರು ಕೆಲಸ ಬಿಟ್ಟು, ಕೊನೆಗೆ ವಕೀಲರ ಆಫೀಸಿನ ಟೈಪಿಂಗ್ ಕುರ್ಚಿಯಲ್ಲಿ ಕೂತ ಮಗನೇ ಆ ಅರ್ಜಿ ಸಿದ್ಧ ಮಾಡಿದ ಎಂದು ನೀನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅದರಲ್ಲಿ ‘ದಾವೆಯ ಮೌಲ್ಯ’ ಎಂದು ಒಂದು ಕಡೆ ಇರುತ್ತದೆ. ನಾವು ಕೇಳುವುದಕ್ಕೆ ನಾವೇ ಬೆಲೆ ಕಟ್ಟಬೇಕು. ಕೋರ್ಟ್ ಫೀ ಎಷ್ಟು, ಕೇಸು ನಮ್ಮ ಚಿಕ್ಕ ಕೋರ್ಟಿಗೋ ದೊಡ್ಡ ಕೋರ್ಟಿಗೋ ಎಂಬುದೆಲ್ಲ ಆ ಅಂಕಿಯ ಮೇಲೆ. ವಕೀಲರು ಕರಡನ್ನು ನನ್ನ ಕೈಗಿಟ್ಟು, “ಅಮ್ಮನ್ನ ಕೂರಿಸ್ಕೊಂಡು ಕೇಳಿ ಬರಿಯಪ್ಪಾ, ಆ ಬೆಳಕಿಲ್ದಿದ್ರೆ ಅವರಿಗೆ ಏನೇನು ಹೋಗುತ್ತೆ ಅಂತ” ಎಂದಿದ್ದರು. ಮನೆಗೆ ತಂದೆ. ನೀನು ಒಳಗೆ ಕಾಜಾ ಹಾಕುತ್ತಿದ್ದೆ. ಹತ್ತು ಹೆಜ್ಜೆ, ಅಷ್ಟೇ. ಹೊರಗೆ ಗೆಳೆಯ ಬೈಕಿನ ಹಾರನ್ ಹೊಡೆಯುತ್ತಿದ್ದ. ನನಗೆ ಕೂತು ಕೇಳುವ ತಾಳ್ಮೆ ಇರಲಿಲ್ಲ. ಫೀ ಉಳಿಸಿದ ಜಾಣ ಅನ್ನಿಸಿಕೊಳ್ಳುವ ಚಪಲವೂ ಇತ್ತು. ಐನೂರು ಎಂದು ಗೀಚಿದೆ. ವಕೀಲರು ಕೇಳಿದಾಗ “ಅಮ್ಮನೇ ಹೇಳಿದ್ದು ಸರ್” ಎಂದೆ. ನೀನಂತೂ “ನೀನು ನೋಡಿದ್ಮೇಲೆ ನಾನೇನು ನೋಡೋದು?” ಎಂದು ಕಣ್ಣು ಹಾಯಿಸದೆ ಸಹಿ ಹಾಕಿದವಳು.

ನಿನ್ನೆ ಅವರ ಕಡೆಯ ವಕೀಲ ಆ ಹಾಳೆ ಎತ್ತಿ ಹಿಡಿದ. “ಸ್ವಾಮಿ, ಆ ಬೆಳಕಿಗೆ ಈಯಮ್ಮನೇ ಕಟ್ಟಿರೋ ಬೆಲೆ ಐನೂರು. ನಮ್ಮ ಕಕ್ಷಿದಾರರು ಈಗ್ಲೇ ಕೊಡ್ತಾರೆ, ಎರಡು ಒಳ್ಳೆ ಬಲ್ಬ್ ಹಾಕಿಸ್ಕೊಳ್ಲಿ.” ಕೋರ್ಟೆಲ್ಲ ನಕ್ಕಿತು. ಅಮ್ಮಾ, ಇದನ್ನು ಮುಚ್ಚಿಟ್ಟರೆ ನನಗೆ ಅನ್ನ ಇಳಿಯುವುದಿಲ್ಲ: ಮಾತು ಚುರುಕಾಗಿತ್ತು, ನಾನೂ ನಕ್ಕುಬಿಟ್ಟೆ. ಇಪ್ಪತ್ತು ವರ್ಷ ಆ ಕಿಟಕಿಯ ಕೆಳಗೆ ಕೂತು ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದವಳ ಮೇಲೆ ಜನ ನಗುತ್ತಿದ್ದಾರೆ, ಅವರಲ್ಲಿ ನಾನೂ ಒಬ್ಬ ಎಂದು ಹೊಳೆದದ್ದು ಆಮೇಲೆ. ನೆಲ ಬಾಯ್ಬಿಡಬಾರದೇ ಅನ್ನಿಸಿತು. ಎದ್ದು ನಿಂತು, “ಅದು ಅಮ್ಮ ಹೇಳಿದ್ದಲ್ಲ ಸ್ವಾಮಿ, ನಾನೇ ತುಂಬಿದ್ದು” ಎಂದೆ. ನ್ಯಾಯಾಧೀಶರು ಗದರಿ ಕೂರಿಸಿದರು. ಆದರೂ ತಿದ್ದಿಕೊಳ್ಳಲು ತಿಂಗಳ ಕೊನೆಯವರೆಗೆ ವಾಯಿದೆ ಕೊಟ್ಟರು. ಹೊರಗೆ ಬಂದ ಮೇಲೆ ನಮ್ಮ ವಕೀಲರು, “ನಿನ್ನ ಮಾತು ನಂಬಿ ನಾನೂ ಸಹಿ ಹಾಕಿದ್ನಲ್ಲೋ” ಎಂದರು, ಅಷ್ಟೇ. ಕಪಾಳಕ್ಕೆ ಬಿಟ್ಟಿದ್ದರೆ ವಾಸಿಯಿತ್ತು.

ಅಜ್ಜಿಗೆ ನಮಸ್ಕಾರ ಹೇಳು. ಈ ವಿಷಯ ಹೇಳಬೇಡ. ಇಲ್ಲ, ಹೇಳು.

ತಲೆ ತಗ್ಗಿಸಿದ,
ನಿನ್ನ ಮಗ

ತಾ.ಕ.: ಅವಸರದಲ್ಲಿ ಮುಖ್ಯವಾದದ್ದೇ ಬಿಟ್ಟೆ. ಹೊಸ ಅಂಕಿ ಈ ಕೋರ್ಟಿನ ಮಿತಿ ದಾಟಿದರೆ ಕೇಸು ದೊಡ್ಡ ಕೋರ್ಟಿಗೆ ಹೋಗುತ್ತದೆ. ಅಲ್ಲಿ ಹೊಸ ತಡೆಯಾಜ್ಞೆ ಸಿಗುವಷ್ಟರಲ್ಲಿ ಅವನು ಗೋಡೆ ಎಬ್ಬಿಸಿಬಿಡಬಹುದು. ದಾಟದಿದ್ದರೆ ಇಲ್ಲಿಯ ತಡೆ ಉಳಿಯುತ್ತದೆ, ಬೆಳಕು ಅಗ್ಗ ಎಂಬ ಅವರ ಮಾತೂ ಉಳಿಯುತ್ತದೆ. ನಾನು ಬಾಯಿ ಹಾಕುವುದಿಲ್ಲ. ಇಪ್ಪತ್ತೈದರೊಳಗೆ ಉತ್ತರ ಕೈಸೇರಬೇಕು. ಬೈಗುಳ ಎಷ್ಟು ಪುಟವಾದರೂ ಇರಲಿ, ಮೊದಲ ಸಾಲಿನಲ್ಲಿ ಅಂಕಿ ಬರೆ.